ತಗಡಿನ ಬಾಗಿಲಿನ ಸೂರ್ಯರು

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳನ್ನು ಸೂರ್ಯಗ್ರಹಣದ ದಿನ ಕತ್ತಲೆ ಖೋಲಿಯಲ್ಲಿ ಕೂಡಿ ಹಾಕುವುದೆಂದರೆ, ಮದುವೆಗೆ ಕರೆದು ಊಟದ ಹೊತ್ತಿಗೆ ಬಾಗಿಲು ಹಾಕಿಕೊಂಡ ಹಾಗೆ. ನನಗೆ ಅದು ಆಯಿತು. ಬಾಗಿಲು ಹಾಕಿದವಳು ನನ್ನ ಆಯಿ, ಅಂದರೆ ನಮ್ಮವ್ವನ ತಾಯಿ. ಊರು ಗೊಳಸಂಗಿ.

ಆಗ ನಾನು ಏಳು ತಿಂಗಳ ಬಸುರಿ. ಕುಬಸ, ಅಂದರೆ ಸೀಮಂತ, ಮಾಡಿಸಿಕೊಳ್ಳಲೆಂದು ಬಸವನ ಬಾಗೇವಾಡಿಯ ತವರುಮನೆಗೆ ಬಂದಿದ್ದೆ. ತಾಳಿಕೋಟೆಯ ನಮ್ಮ ಶಾಲೆಯಲ್ಲಿ ಗ್ರಹಣಕ್ಕಾಗಿ ನಾನು ಮಾಡಿದ ತಯಾರಿ ಒಂದೆರಡಲ್ಲ. ಮಕ್ಕಳಿಗೆಲ್ಲ ಗ್ರಹಣ ನೋಡುವ ಕನ್ನಡಕ ತರಿಸಿದ್ದೆ. ಬರಿಗಣ್ಣಿನಿಂದ ನೋಡಿದವರ ಕಿವಿ ಹಿಂಡುತ್ತೇನೆ ಎಂದು ಹೆದರಿಸಿದ್ದೆ. ಒಂದು ಲಿಂಬೆಹಣ್ಣು, ಒಂದು ಕಡಲೆಕಾಳು, ಒಂದು ಬ್ಯಾಟರಿ ಇಟ್ಟುಕೊಂಡು, ಸೂರ್ಯಗ್ರಹಣ ಅಮಾವಾಸ್ಯೆಯ ದಿನವಷ್ಟೇ ಆಗುತ್ತದೆ, ಚಂದ್ರ ಸೂರ್ಯನ ಕಡೆಗಿದ್ದರೆ ತಾನೇ ಅಡ್ಡ ಬರುವುದು ಎಂದು ತೋರಿಸಿದ್ದೆ. ಹಾಗಾದರೆ ಪ್ರತಿ ಅಮಾವಾಸ್ಯೆಗೂ ಯಾಕೆ ಆಗುವುದಿಲ್ಲ ಎಂದು ಕೇಳಿದ ಹುಡುಗಿಯ ಮೇಲೆ ನನಗೆ ಮುದ್ದು ಉಕ್ಕಿತ್ತು. ಚಂದ್ರನ ದಾರಿ ತುಸು ಓರೆ. ಬಹಳ ಸಲ ಸೂರ್ಯನ ಮೇಲಕ್ಕೋ ಕೆಳಕ್ಕೋ ಹಾದು ಹೋಗಿಬಿಡುತ್ತಾನೆ, ಯಾವಾಗಲೋ ಒಮ್ಮೆ ನೆಟ್ಟಗೆ ಎದುರಿಗೆ ಸಿಗುತ್ತಾನೆ.

ಆ ವರ್ಷ ಸಿಕ್ಕಿದ್ದು ಎಳ್ಳ ಅಮಾವಾಸ್ಯೆಯ ದಿನ. ನಮ್ಮ ಕಡೆ ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಚರಗ ಚೆಲ್ಲಿ, ಅಂದರೆ ಬುತ್ತಿಯ ಅನ್ನ ಪಲ್ಯವನ್ನು ಹೊಲದ ತುಂಬ ಎರಚಿ, ಆಮೇಲೆ ಅಲ್ಲೇ ಉಣ್ಣಬೇಕು. ಗ್ರಹಣ ಹಿಡಿದರೆ ಒಲೆ ಹಚ್ಚುವಂತಿಲ್ಲ. ಊರಲ್ಲಿ ಅರ್ಧ ಮಂದಿ ಹಿಂದಿನ ದಿನವೇ ಚರಗ ಮುಗಿಸಿದರು. ನಮ್ಮ ಸೋದರಮಾವ ಮಾತ್ರ ಗ್ರಹಣ ಬಿಟ್ಟ ಮೇಲೆ ಮೈ ತೊಳೆದು, ಅಡುಗೆ ಮಾಡಿಸಿ, ಮಧ್ಯಾಹ್ನ ಹೋದರಾಯಿತು ಎಂದ. ಭೂಮಿತಾಯಿಗೆ ಹಸಿವು ತಡೆಯುವ ಶಕ್ತಿ ಇದೆ, ಇಲ್ಲದಿರುವುದು ತನಗೇ ಎಂದು ನಕ್ಕ.

ಮಾಮಾನ ನಗೆಯ ಬಗ್ಗೆ ಹೇಳಬೇಕು. ಅವನು ಹುಟ್ಟುವಾಗಲೇ ಮೇಲ್ದುಟಿ ಸೀಳಿತ್ತು. ದೊಡ್ಡವನಾದ ಮೇಲೆ ಯಾವುದೋ ಕ್ಯಾಂಪಿಗೆ ಬಂದ ಡಾಕ್ಟರು ಹೊಲಿದು ಕೊಟ್ಟರು. ಗಾಯದ ಗೆರೆ ಮೀಸೆಯೊಳಗೆ ಅಡಗಿದೆ, ನಕ್ಕಾಗ ಮಾತ್ರ ತುಟಿ ಒಂದು ಕಡೆ ಸ್ವಲ್ಪ ಮೇಲೇಳುತ್ತದೆ. ಅವನಿಗೆ ಸಿಳ್ಳೆ ಹೊಡೆಯಲು ಬರುವುದಿಲ್ಲ. ಎತ್ತುಗಳನ್ನು ಚಪ್ಪಾಳೆ ತಟ್ಟಿ ಕರೆಯುತ್ತಾನೆ. ಎತ್ತುಗಳನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆಂದು ನಾನು ಚಿಕ್ಕವಳಿದ್ದಾಗ ತಿಳಿದಿದ್ದೆ. ಇಂಥ ತುಟಿಯ ಮಕ್ಕಳಿಗೆ ನಮ್ಮ ಕಡೆ ಒಂದೇ ಮಾತು: ಗ್ರಹಣ ಬಡಿದ ಕೂಸು. ತಾಯಿ ಬಸುರಿಯಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿರಬೇಕು, ಇಲ್ಲವೇ ಏನನ್ನಾದರೂ ಕೊಯ್ದಿರಬೇಕು. ಮಾಮಾ ಊರ ಬಾಯಲ್ಲಿ ಅದನ್ನು ಕೇಳುತ್ತಲೇ ಬೆಳೆದವನು.

ಈಗ ನನ್ನ ಗುಟ್ಟು ಹೇಳುತ್ತೇನೆ. ದೀಪಾವಳಿಗೆ ಮೊದಲು, ಐದನೆಯ ತಿಂಗಳಲ್ಲಿ, ವಿಜಯಪುರದಲ್ಲಿ ಸ್ಕ್ಯಾನ್ ಮಾಡಿಸಿದ್ದೆವು. ಡಾಕ್ಟರು ಹೊಟ್ಟೆಯ ಮೇಲೆ ಆಡಿಸುತ್ತಿದ್ದ ಯಂತ್ರವನ್ನು ಒಂದು ಕಡೆ ನಿಲ್ಲಿಸಿದರು. ಮಗುವಿನ ಮೇಲ್ದುಟಿ ಒಂದು ಬದಿಗೆ ಕೂಡಿಲ್ಲ ಎಂದರು. ತುಟಿ ಕೂಡುವುದು ಮೊದಲ ಎರಡು ಮೂರು ತಿಂಗಳಲ್ಲೇ, ಇದರದ್ದು ಕೂಡಿಲ್ಲ, ಹುಟ್ಟಿದ ಕೆಲವು ತಿಂಗಳಿಗೆ ಹೊಲಿದರೆ ಆಯಿತು, ಹೆದರಬೇಡಿ ಎಂದರು. ಮನೆತನದಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿದರು. ನಾನು ಮಾಮಾನ ಹೆಸರು ಹೇಳಿದೆ. ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಅತ್ತೆ. ನನ್ನ ಗಂಡ ಟಿಕೀಟನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಯಾರಿಗೂ ಹೇಳಬಾರದೆಂದು ಇಬ್ಬರೂ ತೀರ್ಮಾನಿಸಿದೆವು.

ತುಟಿಗೆ ನಾನು ಹೆದರಲಿಲ್ಲ. ಮಾಮಾನನ್ನು ನೋಡಿ ಬೆಳೆದವಳಿಗೆ ಅಂಥ ತುಟಿ ಅಂದರೆ ಪ್ರೀತಿಯೇ. ಹೆದರಿದ್ದು ಬರಲಿರುವ ಗ್ರಹಣಕ್ಕೆ. ಆ ದಿನ ನಾನು ಅಂಗಳಕ್ಕೆ ಕಾಲಿಟ್ಟದ್ದನ್ನು ಒಬ್ಬರು ಕಂಡರೂ ಸಾಕು, ನನ್ನ ಮಗುವಿಗೆ ಜೀವಮಾನದ ಕಥೆ ತಯಾರು: ಅವರವ್ವ ಸಾಲಿ ಕಲಿಸಾಕಿ, ಸೊಕ್ಕಿಲೆ ಹೊರಗೆ ನಿಂತು ಸೂರ್ಯನನ್ನು ನೋಡಿದಳು, ಕೂಸಿನ ತುಟಿ ಹರಿಯಿತು. ನನ್ನನ್ನು ಅಂದರೆ ನಾನು ತಿರುಗಿ ಅನ್ನಬಲ್ಲೆ. ಮಗುವಿಗೆ ಆ ಮಾತು ತಗಲಬಾರದಿತ್ತು. ಅದಕ್ಕೇ ಆಯಿ ಕರೆ ಕಳಿಸಿದಾಗ ತುಟಿಪಿಟಕ್ಕೆನ್ನದೆ ಹೊರಟೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುವುದನ್ನು ಬಲ್ಲ ಅವ್ವ, ಇವಳಿಗೆ ಮೈಯಲ್ಲಿ ಹುಷಾರಿದೆಯೋ ಇಲ್ಲವೋ ಎಂದು ಹಣೆ ಮುಟ್ಟಿ ನೋಡಿದಳು.

ಬಾಗೇವಾಡಿಯ ನಮ್ಮ ಮನೆಯ ಮೇಲೆ ಆಯಿಗೆ ನಂಬಿಕೆಯಿರಲಿಲ್ಲ. ಸ್ಲ್ಯಾಬಿನ ಮನೆ, ಎಲ್ಲಿ ನೋಡಿದರೂ ಕಿಟಕಿ, ಮೇಲಾಗಿ ನಮ್ಮವ್ವ ಟಿವಿಯಲ್ಲಿ ಗ್ರಹಣ ನೋಡುತ್ತ ಮಗಳನ್ನು ಮರೆಯುವವಳು. ಗೊಳಸಂಗಿಯದು ಮಣ್ಣಿನ ಮಾಳಿಗೆಯ ಹಳೇ ಮನೆ. ಬೆಳಗಿನ ಥಂಡಿಯಲ್ಲಿ ಮಾಮಾ ಟಂಟಂ ಆಟೋ ತಗೊಂಡು ಬಂದ. ದಾರಿಯ ಎರಡೂ ಕಡೆ ಬಿಳಿಜೋಳ ನಿಂತಿತ್ತು, ಗರಿಗಳ ಮೇಲೆ ಇಬ್ಬನಿ. ಪೂರ್ವಕ್ಕೆ ಸೂರ್ಯ ಇಡಿಯಾಗಿ, ಏನೂ ಗೊತ್ತಿಲ್ಲದವನ ಹಾಗೆ ಏರುತ್ತಿದ್ದ. ತಾಳಿಕೋಟೆಯಲ್ಲಿ ನನ್ನ ಮಕ್ಕಳು ಈಗ ಕನ್ನಡಕ ಹಂಚಿಕೊಳ್ಳುತ್ತಿರಬೇಕು ಎಂದು ಹೊಟ್ಟೆ ಉರಿಯಿತು.

ಆಯಿ ಹಿಂದಿನ ಖೋಲಿಯನ್ನು ತಯಾರು ಮಾಡಿ ಇಟ್ಟಿದ್ದಳು. ಜೋಳದ ಚೀಲ ಒಟ್ಟುವ ಖೋಲಿ ಅದು. ಹಿತ್ತಲ ಕಡೆಗೆ ಪೂರ್ವಕ್ಕೆ ಒಂದು ತಗಡಿನ ಬಾಗಿಲು. ಅದಕ್ಕೆ ಹೊದೆಯುವ ಕೌದಿ ಇಳಿಬಿಟ್ಟಿದ್ದಳು. ಎದುರಿನ ಸುಣ್ಣದ ಗೋಡೆಗೆ ಒರಗಿ ಚೀಲಗಳ ನಡುವೆ ನನಗೆ ಚಾಪೆ. ಈಳಿಗೆ, ಕತ್ತರಿ, ದಬ್ಬಣ ಎಲ್ಲ ಹೊರಗೆ ಹೋಗಿದ್ದವು. ನನ್ನ ಬ್ಯಾಗು ತಡಕಿ ಉಗುರು ಕತ್ತರಿಸುವುದನ್ನು ತೆಗೆದಳು, ಸೀರೆಯ ಪಿನ್ನು ಬಿಚ್ಚಿಸಿದಳು. ಬಾಯಲ್ಲಿ ಹಲ್ಲೂ ಇವೆ, ಕಿತ್ತು ಕೊಡಲೇನು ಎಂದು ಕೇಳಿದೆ. ಅವಳು ನಗಲಿಲ್ಲ. ಆಯಿ ನನ್ನ ಕುಚೋದ್ಯಕ್ಕೆ ನಗದೇ ಇದ್ದದ್ದು ಅದೇ ಮೊದಲು.

ಸೀಗಿ ಹುಣ್ಣಿಮೆಗೆ ಭೂಮಿತಾಯಿ ಬಸುರಿ ಎಂದು ಉಡಿ ತುಂಬಿ ಬರುತ್ತೀರಲ್ಲ, ಇವತ್ತು ಅವಳು ಹೊಲದಲ್ಲಿ ಬಯಲಿಗೇ ಮಲಗಿದ್ದಾಳೆ, ಅವಳನ್ನು ಯಾವ ಖೋಲಿಗೆ ಹಾಕಿದ್ದೀ ಎಂದು ಮತ್ತೆ ಕೆಣಕಿದೆ.

"ಆಕಿಗೇನರ ಆದ್ರ ಊರೆಲ್ಲಾ ಅಳ್ತೈತಿ," ಎಂದಳು ಆಯಿ. "ನಿನಗೇನರ ಆದ್ರ ನಾ ಒಬ್ಬಾಕಿನ ಅಳಬೇಕು."

ಒಳಗಿನ ಬಾಗಿಲು ಹಾಕಿ, ನನ್ನ ಎದುರಿಗೆ ಕೂತು ಶಿವನಾಮ ಶುರು ಮಾಡಿದಳು. ಹೊರಗೆ ಪಡಸಾಲೆಯಲ್ಲಿ ಮಾಮಾ ತಾಟಿನಲ್ಲಿ ನೀರು ಹಾಕಿ ಒನಕೆ ನಿಲ್ಲಿಸುತ್ತಿದ್ದ. ಗ್ರಹಣ ಹಿಡಿದಾಗ ಒನಕೆ ಆಸರೆಯಿಲ್ಲದೆ ನಿಲ್ಲುತ್ತದೆ ಎಂದು ನಂಬಿಕೆ. ಅದು ಬಿದ್ದ ಸಪ್ಪಳ ಎರಡು ಮೂರು ಸಲ ಕೇಳಿಸಿತು.

ಕಣ್ಣು ಕತ್ತಲಿಗೆ ಹೊಂದಿದ ಮೇಲೆ ನನ್ನ ಪಕ್ಕದ ಗೋಡೆಯ ಮೇಲೆ ಬೆಳಕಿನ ಬೊಟ್ಟುಗಳು ಕಂಡವು. ಆಯಿ ಗಿಡ್ಡಿ. ಕೌದಿ ಅವಳ ಕೈಗೆ ಎಟುಕಿದಷ್ಟೇ ಎತ್ತರಕ್ಕೆ ಹೋಗಿತ್ತು. ಅದರ ಮೇಲೆ ತಗಡು ಬರಿದಾಗಿತ್ತು, ತಗಡಿನಲ್ಲಿ ಮೊಳೆ ಕಿತ್ತ ತೂತುಗಳಿದ್ದವು. ಒಂದು ತೂತು ಉದ್ದ ಸೀಳು, ಒಂದು ಮೂರು ಮೂಲೆ, ಒಂದು ಅಂಕುಡೊಂಕು. ಗೋಡೆಯ ಮೇಲಿನ ಬೊಟ್ಟುಗಳು ಮಾತ್ರ ಎಲ್ಲವೂ ಗುಂಡಗೆ, ಹಳೇ ರೂಪಾಯಿಯಷ್ಟು. ನಾನು ನೆಟ್ಟಗೆ ಕೂತೆ. ಇದನ್ನು ಎಷ್ಟು ವರ್ಷ ಕರಿಹಲಗೆಯ ಮೇಲೆ ಗೆರೆ ಎಳೆದು ಕಲಿಸಿಲ್ಲ! ತೂತು ಸಣ್ಣದಿದ್ದು ಗೋಡೆ ದೂರವಿದ್ದರೆ ಒಳಗೆ ಬೀಳುವುದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ಗೋಡೆಯ ಮೇಲೆ ಇದ್ದವು ಐದಾರು ಸೂರ್ಯ.

ನೋಡುತ್ತಿದ್ದಂತೆ ಎಲ್ಲದರ ಒಂದು ಅಂಚು ಒಟ್ಟಿಗೆ ಸವೆಯತೊಡಗಿತು. ಇಲಿ ರೊಟ್ಟಿ ಕಡಿದ ಹಾಗೆ. ನನಗೆ ಆದ ಸಂತೋಷ ಹೇಳತೀರದು. ಹೊರಗೆ ಹೋಗಲಾರದವಳ ಹತ್ತಿರ ಗ್ರಹಣವೇ ಒಳಗೆ ಬಂದಿತ್ತು. ಆಯಿಯನ್ನು ತಿರುಗಿ ನೋಡೆಂದೆ. ನೋಡಿದಳು, ನಾಮ ನಿಂತಿತು. ಎದ್ದು ಕೌದಿ ಮೇಲಕ್ಕೆ ಎಳೆಯಲು ಹಾರಿ ಹಾರಿ ನೋಡಿದಳು, ಎಟುಕಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಮಾಮಾನನ್ನು ಕರೆಯೋಣವೆಂದರೆ ಬಾಗಿಲು ತೆಗೆಯಬೇಕು, ತೆಗೆದರೆ ಇನ್ನಷ್ಟು ಬೆಳಕು. ಸೋತು ಬಂದು ಪಕ್ಕದಲ್ಲಿ ಕೂತಳು.

ಸೂರ್ಯ ಮೇಲೇರಿದ ಹಾಗೆ ಬೊಟ್ಟುಗಳು ಗೋಡೆಯಿಂದ ಕೆಳಗಿಳಿಯುತ್ತ, ಬದಿಗೆ ಸರಿಯುತ್ತ ನನ್ನ ಕಡೆಗೇ ಬಂದವು. ಅವು ಸರಿಯುತ್ತಿಲ್ಲ, ಭೂಮಿ ತಿರುಗುತ್ತಿದೆ, ಸರಿಯುತ್ತಿರುವವರು ನಾವು ಎಂದು ಆಯಿಗೆ ಹೇಳಿದೆ. ತಾನು ಕೂತಲ್ಲಿಯೇ ಕೂತಿದ್ದೇನೆ, ಸುಳ್ಳು ಹೇಳಬೇಡ ಎಂದಳು. ಅವಳ ಕಣ್ಣು ಒಂದು ಬೊಟ್ಟಿನ ಮೇಲೆ ನೆಟ್ಟಿತ್ತು. ಈಗ ಅದು ಕುಡುಗೋಲಿನ ಹಾಗೆ ಬಾಗಿತ್ತು. ನನ್ನ ಭುಜಕ್ಕೆ ಬಂತು, ತೋಳಿಗೆ ಬಂತು, ಹೊಟ್ಟೆಯ ಕಡೆಗೆ ಇಳಿಯಿತು. ಆಚೆ ಸರಿ ಎಂದಳು. ಸರಿಯಲು ಜಾಗವೇನೋ ಇತ್ತು, ನಾನು ಸರಿಯಲಿಲ್ಲ. ಬೆಳಕಿನಿಂದ ಏನೂ ಆಗುವುದಿಲ್ಲವೆಂದು ಬಲ್ಲೆ, ಮೇಲೆ ಹಟವೂ ಇತ್ತು.

ಆಯಿ ಎರಡೂ ಅಂಗೈ ನನ್ನ ಹೊಟ್ಟೆಯ ಮೇಲೆ ಇಟ್ಟಳು. ಕೊಯ್ದ ಸೂರ್ಯ ಅವಳ ಮುಂಗೈ ಮೇಲೆ ಬಿತ್ತು. ಉಬ್ಬಿದ ನರಗಳ ಮೇಲೆ, ಹಸಿರು ಹಚ್ಚೆಯ ಮೇಲೆ ಅದು ಬಾಗಿ ಕೂತಿತು.

"ನಾ ಸೌತಿಕಾಯಿ ಕೊಯ್ದಿದ್ನಿ," ಎಂದಳು.

ನನಗೆ ತಕ್ಷಣ ತಿಳಿಯಲಿಲ್ಲ. ಅವಳು ತಡೆದು ತಡೆದು ಹೇಳಿದಳು. ಮಾಮಾ ಹೊಟ್ಟೆಯಲ್ಲಿದ್ದಾಗ ಗ್ರಹಣ ಬಂದಿತ್ತು. ಅತ್ತೆ ಇವಳನ್ನು ಇದೇ ಖೋಲಿಯಲ್ಲಿ ಕೂಡಿಸಿದ್ದಳು. ಹಿಂದಿನ ರಾತ್ರಿಯಿಂದ ಊಟವಿಲ್ಲ, ಎಂಟು ತುಂಬಿದ ಬಸುರಿ, ಹಸಿವಿಗೆ ಕಣ್ಣು ಕತ್ತಲೆ. ಮೂಲೆಯ ಬುಟ್ಟಿಯಲ್ಲಿ ಒಂದು ಸೌತೆಕಾಯಿ ಇತ್ತು, ಗೂಟದಲ್ಲಿ ಕುಡುಗೋಲು. ಒಂದು ಹೋಳು ಕೊಯ್ದು ತಿಂದಳು, ಆಮೇಲೆ ಎಲ್ಲವನ್ನೂ ತಿಂದಳು. ಮಗನ ಮುಖ ನೋಡಿ ಅತ್ತೆ ಏನು ಕೊಯ್ದೀ ಎಂದು ಕೇಳಿದಾಗ ಏನೂ ಇಲ್ಲ ಎಂದಳು. ಅಂದಿನಿಂದ ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ, ಮಗನಿಗೂ.

ಆಯಿ ಸೌತೆಕಾಯಿ ತಿನ್ನುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ತಂಪು ಆಗಿಬರುವುದಿಲ್ಲ ಎನ್ನುತ್ತಿದ್ದಳು, ನಂಬಿದ್ದೆವು. ಚರಗದ ಊಟದಲ್ಲಿ ರೊಟ್ಟಿಯ ಜೊತೆ ಬಂದ ಹೋಳುಗಳನ್ನು ಮಾಮಾನ ತಾಟಿಗೆ ಹಾಕಿಬಿಡುತ್ತಿದ್ದಳು. ಇನ್ನು ಮುಚ್ಚಿಡುವುದು ನನ್ನಿಂದ ಆಗಲಿಲ್ಲ.

"ಆಯಿ, ಇದರ ತುಟೀನೂ ಕೂಡಿಲ್ಲ," ಎಂದೆ.

ಅವಳು ಕೈಯ ಮೇಲಿನ ಸೂರ್ಯನನ್ನು ನೋಡಿದಳು. ಈಗಲೇ ಹರಿಯಿತೇನು ಎಂದು ಕೇಳಿದಳು. ದೀಪಾವಳಿಗೆ ಮೊದಲೇ ಡಾಕ್ಟರು ನೋಡಿ ಹೇಳಿದ್ದಾರೆ, ಆಗ ಯಾವ ಗ್ರಹಣವೂ ಇರಲಿಲ್ಲ ಎಂದೆ. ಹೊಟ್ಟೆಯೊಳಗಿನದು ಹೇಗೆ ಕಂಡಿತು ಎಂದಳು. ಬಾವಿಯಲ್ಲಿ ಕೂಗಿದರೆ ದನಿ ತಿರುಗಿ ಬರುವ ಹಾಗೆ, ಒಳಗೆ ಸಪ್ಪಳ ಬಿಟ್ಟು ತಿರುಗಿ ಬಂದದ್ದರಿಂದ ಚಿತ್ರ ತೆಗೆಯುತ್ತಾರೆ ಎಂದೆ. ಅವಳು ತಲೆ ಆಡಿಸಿದಳು, ಒಪ್ಪಿದ್ದಕ್ಕಲ್ಲ, ಕೇಳುತ್ತಿದ್ದೇನೆ ಎನ್ನುವುದಕ್ಕೆ.

ನಾನು ಅವಳ ಮುಂಗೈಯ ಬೆಳಕು ತೋರಿಸಿ ಹೇಳಿದೆ: ಇದು ಸೂರ್ಯನಿಂದ ಹೊರಟು ಎಂಟು ನಿಮಿಷವಾಯಿತು, ಇಲ್ಲಿಯವರೆಗೆ ಬರಲು ಅದಕ್ಕೆ ಅಷ್ಟು ಹೊತ್ತು ಬೇಕು. ಸೂರ್ಯನಲ್ಲಿ ಏನಾದರೂ ಆದರೆ ನಮಗೆ ಕಾಣುವುದು ಆಮೇಲೆ. ನಕ್ಷತ್ರಗಳದ್ದಂತೂ ನಾವು ಹುಟ್ಟುವ ಮೊದಲು ಆದದ್ದು ಈಗ ಕಾಣುತ್ತದೆ. ಮಾಮಾನ ತುಟಿಯನ್ನು ನೀನು ಕಂಡದ್ದು ಅವನು ಹುಟ್ಟಿದ ದಿನ. ಅದು ಆದದ್ದು ಅವನು ಹೊಟ್ಟೆಯಲ್ಲಿ ಎರಡು ಮೂರು ತಿಂಗಳಿನವನಿದ್ದಾಗ. ನೀನು ಸೌತೆಕಾಯಿ ಮುಟ್ಟುವ ಎಷ್ಟೋ ಮೊದಲು.

ಬೆಳಕಿನ ಕುಡುಗೋಲು ಆಯಿಯ ಕೈಯಿಂದ ಜಾರಿ ಚಾಪೆಗೆ ಇಳಿದು, ನಿಧಾನವಾಗಿ ತುಂಬಿಕೊಳ್ಳತೊಡಗಿತು.

"ಕಾಣೂದು ಈಗ, ಆಗಿದ್ದು ಮೊದಲ," ಎಂದಳು, ತನಗೆ ತಾನೇ. ಆಮೇಲೆ ನನ್ನ ಗಲ್ಲ ಹಿಡಿದು, "ನನ್ನ ಸಮಾಧಾನಕ್ಕ ಹೇಳಾಕತ್ತೀಯೋ ಏನೋ. ಹುಟ್ಟಲಿ, ನೋಡೂಣು," ಎಂದಳು.

ಅಂದು ಮಧ್ಯಾಹ್ನ ಹೊಲದಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಆಯಿತು. ಮಾಮಾ ಬೆಳೆಯ ಸುತ್ತ ಚರಗ ಚೆಲ್ಲುತ್ತ ತುಟಿ ಓರೆ ಮಾಡಿ ಕೂಗುತ್ತಿದ್ದ. ಆಯಿ ತನ್ನ ಪಾಲಿನ ಸೌತೆ ಹೋಳುಗಳನ್ನು ಯಾವತ್ತಿನಂತೆ ಅವನ ತಾಟಿಗೆ ಹಾಕಿದಳು. ನನ್ನ ಕಡೆ ನೋಡಲಿಲ್ಲ.

ಮಗಳು ಹುಟ್ಟಿದಳು. ತುಟಿ ಡಾಕ್ಟರು ಹೇಳಿದ ಬದಿಗೇ ಸೀಳಿತ್ತು. ಅವ್ವ ಅತ್ತಳು. ಮಾಮಾ ಎತ್ತಿಕೊಂಡು, ನನ್ನ ಮಾರಿ ಕದ್ದು ಬಂದಾಳ ಕಳ್ಳಿ ಎಂದು ಮುದ್ದಾಡಿದ. ಆಮೇಲೆ ಆಪರೇಷನ್ ಆಗಿ ಚೆನ್ನಾಗಿ ಕೂಡಿತು. ಈಗ ಶಾಲೆಗೆ ಹೋಗುತ್ತಾಳೆ, ಕಿವಿ ಹರಿಯುವ ಹಾಗೆ ಸಿಳ್ಳೆ ಹೊಡೆಯುತ್ತಾಳೆ, ಮಾಮಾನಿಗೂ ಕಲಿಸುತ್ತೇನೆಂದು ಅವನ ಬಾಯಿ ಹಿಡಿದು ಜಗ್ಗುತ್ತಾಳೆ.

ನಾನು ಹೇಳಬೇಕಾದದ್ದು ತೊಟ್ಟಿಲಿಗೆ ಹಾಕಿದ ದಿನದ್ದು. ಬಾಗೇವಾಡಿಯ ಮನೆ ತುಂಬ ಹೆಣ್ಣುಮಕ್ಕಳು. ದೂರದ ನೆಂಟರವಳೊಬ್ಬಳು ತೊಟ್ಟಿಲಿಗೆ ಬಗ್ಗಿ ನೋಡಿ, ಪಕ್ಕದವಳಿಗೆ ಹೇಳುವಂತೆ ಎಲ್ಲರಿಗೂ ಕೇಳಿಸಿದಳು: ಗ್ರಹಣ ಬಡಿದದ್ದು, ಸಾಲಿ ಕಲಿಸಾಕಿ ಮನೆಯಲ್ಲಿ ಕೂಡ್ರುತ್ತಾಳೇನು. ನನ್ನ ಮೂಗಿನ ತುದಿ ಬಿಸಿಯಾಯಿತು. ಬಾಯಿ ತೆರೆಯುವಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಆಯಿ ಎದ್ದಳು.

"ಗ್ರಹಣದ ದಿನ ಆಕಿ ನನ್ನ ಖೋಲ್ಯಾಗ ಇದ್ಲು. ಬಾಗಲಾ ಕಾದಾಕಿ ನಾನ. ಒಳಗ ಒಂದು ಸೂಜಿ ಸುದ್ದಾ ಇದ್ದಿಲ್ಲ. ತುಟಿ ಗ್ರಹಣಕ್ಕಿಂತ ಮೊದಲ ಆಗಿತ್ತು. ಕಾಣೂದು ಈಗ, ಆಗಿದ್ದು ಮೊದಲ."

ಗ್ರಹಣದ ನೇಮದಲ್ಲಿ ಆಯಿಯ ಮಾತು ಮೀರುವವರು ನಮ್ಮ ಬಳಗದಲ್ಲಿ ಇಲ್ಲ. ಆ ಹೆಂಗಸು ಸೆರಗು ಸರಿಪಡಿಸಿಕೊಂಡು ಕೂತಳು. ನನ್ನನ್ನು ಕೂಡಿ ಹಾಕಿದ ಕೈಯೇ ನನ್ನ ಮಗಳನ್ನು ಬಿಡಿಸಿತು. ಆಯಿಯ ಮೇಲೆ ನನಗೆ ಇಷ್ಟೊಂದು ಪ್ರೀತಿ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಅವಳು ಇನ್ನೂ ನಿಂತೇ ಇದ್ದಳು. ಬಾಗಿಲಲ್ಲಿ ಸಕ್ಕರೆಯ ತಾಟು ಹಿಡಿದಿದ್ದ ಮಾಮಾನ ಕಡೆ ತಿರುಗಿದಳು.

"ತಮ್ಮಾ, ನಿಂದೂ ಹಂಗ. ನಾ ಮಾಡಿದ್ದಲ್ಲ," ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಆಯಿ ಎಲ್ಲರ ಎದುರಿಗೇ ಸೌತೆಕಾಯಿಯ ಕಥೆ ಹೇಳಿದಳು, ಖೋಲಿ, ಹಸಿವು, ಕುಡುಗೋಲು, ಅತ್ತೆಗೆ ಹೇಳಿದ ಸುಳ್ಳು, ಒಂದೂ ಬಿಡದೆ. ಮಾಮಾ ತಾಟು ಕೆಳಗಿಟ್ಟು ಕೊನೆಯವರೆಗೂ ಕೇಳಿಸಿಕೊಂಡ. ಚಪ್ಪಲಿ ಮೆಟ್ಟಿ ಹೊರಗೆ ಹೋದ. ಸಿಟ್ಟಾಗಿ ಹೋದನೆಂದೇ ನಾನು ಅಂದುಕೊಂಡೆ. ಆಯಿಯ ಮುಖದಲ್ಲಿ ರಕ್ತವಿರಲಿಲ್ಲ.

ಸ್ವಲ್ಪ ಹೊತ್ತಿಗೆ ತಿರುಗಿ ಬಂದ. ಬಸ್‌ಸ್ಟ್ಯಾಂಡಿನ ಹತ್ತಿರ ಮಾರುವ ಎಳೆ ಸೌತೆಕಾಯಿ ಕೈಯಲ್ಲಿತ್ತು. ಅಡುಗೆಮನೆಯಿಂದ ಈಳಿಗೆ ತಂದು ಅವಳ ಮುಂದಿಟ್ಟು, ಪಕ್ಕದಲ್ಲಿ ಕೂತ. ಆಯಿ ತುದಿ ಕೊಯ್ದು, ಕಹಿ ಹೋಗಲೆಂದು ತಿಕ್ಕಿ ನೊರೆ ಒರೆಸಿ, ಒಂದು ಹೋಳು ಅವನ ಕೈಗೆ ಕೊಟ್ಟಳು, ಒಂದನ್ನು ತಾನು ಬಾಯಿಗೆ ಹಾಕಿಕೊಂಡಳು. ಹಲ್ಲು ಕಡಿಮೆ, ಅಗಿಯಲು ಹೊತ್ತು ಹಿಡಿಯಿತು. ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದೆವು.

"ಹೆಂಗೈತಿ ಯವ್ವಾ?" ಎಂದು ಮಾಮಾ ಕೇಳಿದ.

"ಅವತ್ತಿನ ರುಚೀನ ಐತಿ," ಎಂದಳು ಆಯಿ.